ಮರದಡಿ ಬಿದ್ದ ಬಾವಲಿ

(ಮೈಸೂರಿನಲ್ಲಿ ಪಕ್ಷಿವೀಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಎದುರು ಪಶುವೈದ್ಯರೊಬ್ಬರು ಆಡಿದ ಮಾತಿನ ಬರಹ ರೂಪ)

ರಂಗನತಿಟ್ಟಿಗೆ ಹೋಗದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ದೋಣಿ ಹತ್ತಿದ ಕೂಡಲೇ ಎಲ್ಲರ ಕ್ಯಾಮೆರಾ ಹೆಜ್ಜಾರ್ಲೆಯ ಕಡೆ, ಕೊಕ್ಕರೆಯ ಕಡೆ, ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯ ಕಡೆ ತಿರುಗುತ್ತದೆ. ಸ್ವಲ್ಪ ತಲೆ ಎತ್ತಿ ನೋಡಿದರೆ ಮರದ ತುಂಬ ಬಾವಲಿಗಳು ಜೋತಾಡುತ್ತಿರುತ್ತವೆ. ನಡು ಮಧ್ಯಾಹ್ನದಲ್ಲೂ ಜಗಳ, ಕಿರುಚಾಟ, ರೆಕ್ಕೆ ಬೀಸಿ ಗಾಳಿ ಹಾಕಿಕೊಳ್ಳುವುದು ನಡೆದೇ ಇರುತ್ತದೆ. ದೋಣಿಯವರು "ಅವು ಬಾವಲಿ ಸಾರ್" ಅಂತ ಒಂದು ಮಾತು ಹೇಳಿ ಮುಂದೆ ಹುಟ್ಟು ಹಾಕುತ್ತಾರೆ. ಇವತ್ತು ನಾನು ಆ ಒಂದು ಮಾತಿನಲ್ಲೇ ನಿಂತು ಮಾತಾಡುತ್ತೇನೆ. ಅದರಲ್ಲೂ ಮರದಲ್ಲಿ ಜೋತಾಡುವ ಬಾವಲಿಗಿಂತ ಮರದ ಕೆಳಗೆ ಬಿದ್ದ ಬಾವಲಿಯ ಬಗ್ಗೆ.

ಅದಕ್ಕೂ ಮೊದಲು ನಾಯಿಯ ಮಾತು. ಹುಚ್ಚುನಾಯಿ ಕಾಯಿಲೆ, ಅಂದರೆ ರೇಬೀಸ್, ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನರನ್ನು ಕೊಲ್ಲುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದರಲ್ಲಿ ನೂರಕ್ಕೆ 99 ಸಾವು ನಾಯಿಯಿಂದಲೇ ಬಂದದ್ದು. ನನ್ನ ಕೆಲಸದ ವರ್ಷಗಳಲ್ಲಿ ನಾನು ಕಣ್ಣಾರೆ ಕಂಡ ರೇಬೀಸ್ ಎಲ್ಲವೂ ನಾಯಿಯದು, ಇಲ್ಲ ನಾಯಿ ಕಚ್ಚಿದ ಹಸು ಎಮ್ಮೆಯದು. ಮಂಡ್ಯ ಕಡೆ ಹಳ್ಳಿಗಳಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹಸು ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ದನಿ ಒಡೆದ ಹಾಗೆ ಕೂಗುತ್ತದೆ. ಮನೆಯವರು "ಗಂಟಲಲ್ಲಿ ಏನೋ ಸಿಕ್ಕಾಕೊಂಡೈತೆ" ಅಂದುಕೊಂಡು ಬಾಯೊಳಗೆ ಕೈ ಹಾಕಿ ತಡಕಾಡುತ್ತಾರೆ. ಪಾಪ, ಪ್ರೀತಿಯಿಂದಲೇ ಹಾಕುತ್ತಾರೆ. ಆಮೇಲೆ ಆ ಮನೆಯವರನ್ನೆಲ್ಲ ಸೂಜಿಗೆ ಕಳಿಸಬೇಕು. ಹಾಗಾಗಿ ಇಲ್ಲಿಂದ ಹೊರಟಾಗ ಯಾರೂ ನಾಯಿಯನ್ನು ಮರೆತು ಬಾವಲಿಗೆ ಹೆದರಿಕೊಂಡು ಹೋಗಬಾರದು. ನಾಯಿಗೆ ಲಸಿಕೆ ಹಾಕಿಸುವ ಕೆಲಸ ಮೊದಲು.

ಹಾಗಾದರೆ ಬಾವಲಿ ಯಾಕೆ? ರೇಬೀಸ್ ವೈರಸ್ ಒಂಟಿಯಲ್ಲ. ಅದಕ್ಕೊಂದು ದೊಡ್ಡ ಮನೆತನವಿದೆ. ಅದಕ್ಕೆ ಲೈಸಾವೈರಸ್ ಅನ್ನುತ್ತಾರೆ. ಲೈಸಾ ಅಂದರೆ ಗ್ರೀಕರ ಕಥೆಗಳಲ್ಲಿ ಹುಚ್ಚುಕೋಪದ ದೇವತೆ. ಈ ಮನೆತನದಲ್ಲಿ ಇವತ್ತಿಗೆ ಹದಿನೈದಕ್ಕೂ ಜಾಸ್ತಿ ವೈರಸ್‌ಗಳನ್ನು ಗುರುತಿಸಿದ್ದಾರೆ. ಒಂದೆರಡನ್ನು ಬಿಟ್ಟರೆ ಎಲ್ಲವೂ ಬಾವಲಿಯ ನಂಟಿನವು. ಮನುಷ್ಯರಿಗೆ ತಗುಲಿದರೆ ಬರುವ ಕಾಯಿಲೆ ರೇಬೀಸ್‌ನದೇ. ಒಮ್ಮೆ ಲಕ್ಷಣ ಕಾಣಿಸಿಕೊಂಡರೆ ಉಳಿಸುವ ಔಷಧಿ ಇಲ್ಲ.

ಬಾವಲಿಗೂ ರೇಬೀಸ್‌ಗೂ ನಂಟಿದೆ ಅಂತ ಮೊದಲು ಅನುಮಾನ ಬಂದದ್ದು ಬ್ರೆಜಿಲ್ ದೇಶದಲ್ಲಿ. ಅಲ್ಲಿಯ ಸಾಂತಾ ಕತರೀನಾದಲ್ಲಿ ದನಗಳು ಸಾಲು ಸಾಲಾಗಿ ಸಾಯುತ್ತಿದ್ದವು. ಹುಚ್ಚುನಾಯಿ ಮಾತ್ರ ಎಲ್ಲೂ ಕಾಣಲಿಲ್ಲ. ಕರೀನಿ ಅನ್ನುವ ವಿಜ್ಞಾನಿ 1911ರಲ್ಲಿ, ಇದು ರೇಬೀಸ್, ರಕ್ತ ಹೀರುವ ಬಾವಲಿಗಳಿಂದ ಬರುತ್ತಿರಬಹುದು ಅಂತ ಬರೆದರು. 1930ರ ಸುಮಾರಿಗೆ ಟ್ರಿನಿಡಾಡ್‌ನಲ್ಲಿ ಪವಾನ್ ಅನ್ನುವ ವೈದ್ಯರು ಅದನ್ನು ಬಾವಲಿಯಲ್ಲೇ ತೋರಿಸಿಕೊಟ್ಟರು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಿಬಿಡುತ್ತೇನೆ. ರಕ್ತ ಹೀರುವ ಬಾವಲಿಗಳಿರುವುದು ಮೂರೇ ಜಾತಿ, ಮೂರೂ ಅಮೆರಿಕ ಖಂಡಗಳಲ್ಲಿ. ನಮ್ಮ ಮೇಲುಕೋಟೆ ಬೆಟ್ಟದಲ್ಲಾಗಲಿ, ಶ್ರೀರಂಗಪಟ್ಟಣದ ಕೋಟೆಯಲ್ಲಾಗಲಿ ರಕ್ತ ಕುಡಿಯುವ ಬಾವಲಿ ಇಲ್ಲ.

1953ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಒಬ್ಬ ಚಿಕ್ಕ ಹುಡುಗನ ಮೇಲೆ ಹಗಲು ಹೊತ್ತಿನಲ್ಲೇ ಒಂದು ಬಾವಲಿ ಎರಗಿ ಕಚ್ಚಿ ಹಿಡಿಯಿತು. ಬರೀ ಹುಳು ತಿನ್ನುವ ಜಾತಿಯ ಬಾವಲಿ. ಹುಡುಗನ ತಂದೆ ದನ ಸಾಕುವವರು. ಮೆಕ್ಸಿಕೋ ಕಡೆ ಬಾವಲಿಯಿಂದ ದನಗಳಿಗೆ ರೇಬೀಸ್ ಬರುತ್ತದೆ ಅಂತ ಎಲ್ಲೋ ಕೇಳಿದ್ದರು. ಈ ಬಾವಲಿಯನ್ನು ಪರೀಕ್ಷೆ ಮಾಡಲೇಬೇಕು ಅಂತ ಪಟ್ಟು ಹಿಡಿದರು. ಪರೀಕ್ಷೆಯಲ್ಲಿ ರೇಬೀಸ್ ಬಂತು. ಆ ದೇಶದಲ್ಲಿ ಹುಳು ತಿನ್ನುವ ಬಾವಲಿಗಳಲ್ಲೂ ರೇಬೀಸ್ ಇದೆ ಅಂತ ತಿಳಿದದ್ದು ಹಾಗೆ. ಅಪ್ಪನ ಆ ಹಟವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರುತ್ತೇನೆ.

ಅಮೆರಿಕ ಖಂಡಗಳ ಬಾವಲಿಗಳಲ್ಲಿರುವುದು ನಾಯಿಗೆ ಬರುತ್ತದಲ್ಲ, ಅದೇ ರೇಬೀಸ್ ವೈರಸ್. ನಮ್ಮ ಕಡೆ, ಅಂದರೆ ಏಷ್ಯಾ, ಆಫ್ರಿಕಾ, ಯುರೋಪ್, ಆಸ್ಟ್ರೇಲಿಯಾ ಬಾವಲಿಗಳಲ್ಲಿ ಸಿಗುವವು ಅದರ ದಾಯಾದಿಗಳು. 1956ರಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ಹಣ್ಣುಬಾವಲಿಗಳಿಂದ ಒಂದು ವೈರಸ್ ಸಿಕ್ಕಿತು. 1970ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬಾವಲಿ ಕಚ್ಚಿ ಸತ್ತ ಒಬ್ಬರಿಂದ ಇನ್ನೊಂದು. 1996ರಲ್ಲಿ ಆಸ್ಟ್ರೇಲಿಯಾದಲ್ಲಿ ಹಾರಲಾಗದ ಒಂದು ದೊಡ್ಡ ಬಾವಲಿಯಲ್ಲಿ ಮತ್ತೊಂದು. ಅದೇ ವರ್ಷ ಅಲ್ಲಿ ಬಾವಲಿಗಳ ಆರೈಕೆ ಮಾಡುತ್ತಿದ್ದ ಒಬ್ಬ ಮಹಿಳೆ ತೀರಿಕೊಂಡರು. 1998ರಲ್ಲಿ ಇನ್ನೊಬ್ಬರು. ಅವರಿಗೆ ಬಾವಲಿ ಕಚ್ಚಿ ಎರಡು ವರ್ಷಕ್ಕೂ ಮೇಲಾಗಿತ್ತು. ಅಷ್ಟು ದಿನ ವೈರಸ್ ಸುಮ್ನೆ ಕೂತಿತ್ತು.

ಈ ವೈರಸ್‌ಗಳ ಹೆಸರಿನ ಬಗ್ಗೆ ಒಂದು ಸಣ್ಣ ಮಾತು. ಜಾಸ್ತಿ ಪಾಲು ಸಿಕ್ಕಿದ ಊರಿನ ಹೆಸರೇ ಇಟ್ಟಿದ್ದಾರೆ. ಲಾಗೋಸ್, ಸ್ಪೇನ್‌ನ ಲೈಡಾ, ಜರ್ಮನಿಯ ಬೊಕೆಲೊ, ಫಿನ್‌ಲೆಂಡ್‌ನ ಕೊತಲಹ್ತಿ. ದಕ್ಷಿಣ ಆಫ್ರಿಕಾದ ಡುವೆನ್‌ಹೇಗ್ ಮಾತ್ರ ಆ ಸತ್ತವರದೇ ಹೆಸರು. ಒಂದು ಕುಟುಂಬದ ಹೆಸರು ಶಾಶ್ವತವಾಗಿ ಕಾಯಿಲೆಯ ಜೊತೆ ಸೇರಿಹೋಯಿತಲ್ಲ ಅಂತ ನನಗೆ ಬೇಸರವಾಗುತ್ತದೆ. ನಮ್ಮ ಊರಿನ ಹೆಸರಿನ ಒಂದು ವೈರಸ್ ಇದ್ದರೆ ಆ ಊರಿನ ಹೆಣ್ಣು ಗಂಡುಗಳಿಗೆ ಸಂಬಂಧ ಹುಡುಕುವಾಗ ಎಷ್ಟು ಕಷ್ಟ ಯೋಚಿಸಿ. ಕಾಯಿಲೆ ಕಂಡರೂ ಜನ ಬಾಯಿ ಮುಚ್ಚಿಕೊಳ್ಳುವುದು ಇಂಥ ಕಾರಣಗಳಿಗೇ.

ಈಗ ಮನೆ ಹತ್ತಿರ ಬರೋಣ. ಶ್ರೀಲಂಕಾದಲ್ಲಿ ಪೆರಾದೆನಿಯ ಪಕ್ಕ ಗನ್ನೋರುವ ಅಂತ ಒಂದು ಊರು. ಅಲ್ಲಿ ಸಿಕ್ಕ ದೊಡ್ಡ ಹಣ್ಣುಬಾವಲಿಗಳ ಮೆದುಳನ್ನು ಪರೀಕ್ಷೆ ಮಾಡಿದಾಗ ಒಂದು ಹೊಸ ಲೈಸಾವೈರಸ್ ಸಿಕ್ಕಿತು. ವರದಿ ಬಂದದ್ದು 2016ರಲ್ಲಿ. ಅದಕ್ಕೆ ಗನ್ನೋರುವ ಬಾವಲಿ ಲೈಸಾವೈರಸ್ ಅಂತಲೇ ಹೆಸರು. ಆ ಬಾವಲಿಯ ಜಾತಿ ಯಾವುದು ಗೊತ್ತಾ? ಟೆರೋಪಸ್ ಮೀಡಿಯಸ್. ರಂಗನತಿಟ್ಟಿನಲ್ಲಿ ನಾವು ತಲೆ ಎತ್ತಿ ನೋಡುವ ಅದೇ ಜಾತಿ.

ಭಾರತದಲ್ಲಿ? ಚಂಡೀಗಢದಲ್ಲಿ ಒಂದು ದೊಡ್ಡ ಬಾವಲಿಗೆ ರೇಬೀಸ್ ತಗುಲಿದ್ದರ ಬಗ್ಗೆ 1980ರಲ್ಲೇ ವರದಿಯಾಗಿತ್ತು. ಆಮೇಲೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ವಿಜ್ಞಾನಿಗಳೂ ಜೊತೆಯವರೂ ನಾಗಾಲ್ಯಾಂಡ್‌ನ ಬಾವಲಿಗಳನ್ನು ನೋಡಿದರು. ಕೆಲವು ಬಾವಲಿಗಳ ರಕ್ತದಲ್ಲಿ ಪ್ರತಿಕಾಯ ಇತ್ತು. ಮೆದುಳಿನಲ್ಲಿ ವೈರಸ್ ಸಿಗಲಿಲ್ಲ. 2017ರ ವರದಿ ಅದು.

ಪ್ರತಿಕಾಯ ಅಂದರೇನು ಅಂತ ಮಕ್ಕಳು ಕೇಳಿದರೆ ನಾನು ಒಲೆಯ ಬೂದಿ ತೋರಿಸುತ್ತೇನೆ. ಒಲೆಯಲ್ಲಿ ಬೂದಿ ಇದೆ ಅಂದರೆ ಯಾವಾಗಲೋ ಇಲ್ಲಿ ಬೆಂಕಿ ಹಚ್ಚಿದ್ದಾರೆ. ಈಗ ಉರಿಯುತ್ತಿದೆಯಾ? ಬೂದಿ ಅದನ್ನು ಹೇಳುವುದಿಲ್ಲ. ಬಾವಲಿಯ ರಕ್ತದಲ್ಲಿ ಪ್ರತಿಕಾಯ ಇದ್ದರೆ ಯಾವಾಗಲೋ ಇಂಥ ಒಂದು ವೈರಸ್ ಅದರ ಮೈಗೆ ಬಂದು ಹೋಗಿದೆ, ಬಾವಲಿ ಬದುಕಿ ಉಳಿದಿದೆ. ಯಾವ ವೈರಸ್ ಅಂತಲೂ ಸರಿಯಾಗಿ ತಿಳಿಯುವುದಿಲ್ಲ. ಯಾಕೆಂದರೆ ದಾಯಾದಿಗಳ ಬೂದಿ ಎಲ್ಲ ಒಂದೇ ಬಣ್ಣ. ವೈರಸ್ಸನ್ನೇ ಕಾಣಬೇಕಾದರೆ ಮೆದುಳು ಬೇಕು. ಮೆದುಳಿನ ಚೂರನ್ನು ಗಾಜಿನ ಮೇಲೆ ಒತ್ತಿ, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ ಹಾಕಿ, ವಿಶೇಷ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ವೈರಸ್ ಇದ್ದರೆ ಕತ್ತಲಲ್ಲಿ ಹಸಿರು ಚುಕ್ಕಿಗಳು ಹೊಳೆಯುತ್ತವೆ.

ಇನ್ನು ನನ್ನ ಮುಖ್ಯ ಮಾತು. ಕಾಡಿನ ಬಾವಲಿಯಲ್ಲಿ ಈ ವೈರಸ್ ಇದೆಯಾ ಅಂತ ಕಾವಲಿಟ್ಟು ನೋಡಲು ಎರಡು ದಾರಿಗಳಿವೆ. ಒಂದು, ಬಲೆ ಕಟ್ಟಿ ಆರೋಗ್ಯವಾಗಿರುವ ಬಾವಲಿ ಹಿಡಿದು, ರೆಕ್ಕೆಯ ನರದಿಂದ ಒಂದು ಹನಿ ರಕ್ತ, ಬಾಯಿಂದ ಸ್ವಲ್ಪ ಜೊಲ್ಲು ತೆಗೆದು ಬಿಟ್ಟುಬಿಡುವುದು. ಇನ್ನೊಂದು, ಕಾಯಿಲೆ ಬಿದ್ದ, ನೆಲಕ್ಕೆ ಬಿದ್ದ, ಸತ್ತ ಬಾವಲಿಯನ್ನು ಪರೀಕ್ಷೆಗೆ ಕಳಿಸುವುದು. ಕೇಳುವವರಿಗೆ ಮೊದಲನೆಯದೇ ದೊಡ್ಡ ವಿಜ್ಞಾನ ಅನ್ನಿಸುತ್ತದೆ. ಬಲೆ, ಟಾರ್ಚು, ರಾತ್ರಿ ಕೆಲಸ. ವೈರಸ್ ಹುಡುಕುವುದಕ್ಕೆ ಮಾತ್ರ ಎರಡನೆಯದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸುಮ್ನೆ ಒಂದು ಲೆಕ್ಕ ಮಾಡೋಣ. ಒಂದು ಮರದ ಆರೋಗ್ಯವಂತ ಬಾವಲಿಗಳಲ್ಲಿ 500ಕ್ಕೆ ಒಂದರಲ್ಲಿ ವೈರಸ್ ಇದೆ ಅಂತ ಇಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಇಟ್ಟುಕೊಂಡ ಸಂಖ್ಯೆ ಅಷ್ಟೆ. ನೀವು ಕಷ್ಟಪಟ್ಟು 100 ಬಾವಲಿ ಹಿಡಿದಿರಿ. ಅಂಥ 100 ಪ್ರಯತ್ನಗಳಲ್ಲಿ ಸುಮಾರು 82 ಸಲ ನಿಮಗೆ ಒಂದೂ ಸಿಗುವುದಿಲ್ಲ. "ಇಲ್ಲಿ ಏನೂ ಇಲ್ಲ" ಅಂತ ಬರೆದು ಮನೆಗೆ ಹೋಗುತ್ತೀರಿ. ಸಿಕ್ಕೇ ಸಿಗುತ್ತದೆ ಅಂತ ಧೈರ್ಯ ಬರಬೇಕಾದರೆ ಸುಮಾರು 1,500 ಬಾವಲಿ ಹಿಡಿಯಬೇಕು. ವರ್ಷಕ್ಕೆ ಒಂದೇ ಮರಿ ಹಾಕುವ ಪ್ರಾಣಿಗೆ ಅಷ್ಟು ತೊಂದರೆ ಕೊಡುವುದು ಯಾರಿಗೂ ಬೇಡ. ಆಸ್ಟ್ರೇಲಿಯಾದ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ ಆರೋಗ್ಯವಾಗಿ ಹಾರಾಡುವ ದೊಡ್ಡ ಬಾವಲಿಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ವೈರಸ್ ಕಾಣುತ್ತದೆ. ಕಾಯಿಲೆ ಬಿದ್ದು, ಗಾಯವಾಗಿ ಸಿಕ್ಕವುಗಳಲ್ಲಿ ನೂರಕ್ಕೆ ಐದರಿಂದ ಹತ್ತು.

ಬ್ರಿಟನ್‌ನವರ ತಾಳ್ಮೆ ನೋಡಿ. ಅಲ್ಲಿ ಸತ್ತ ಬಾವಲಿ ಸಿಕ್ಕರೆ ಜನರೇ ಪ್ರಯೋಗಾಲಯಕ್ಕೆ ಕಳಿಸಿಕೊಡುತ್ತಾರೆ. 1980ರ ದಶಕದಲ್ಲಿ ಶುರುವಾದ ಕೆಲಸ. ಮೊದಲ ಸಲ ವೈರಸ್ ಸಿಕ್ಕಿದ್ದು 1996ರಲ್ಲಿ, ನೀರಿನ ಮೇಲೆ ಹುಳು ಹಿಡಿಯುವ ಒಂದು ಪುಟ್ಟ ಬಾವಲಿಯಲ್ಲಿ. 2002ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಬಾವಲಿಗಳ ರಕ್ಷಣೆಗೆ ದುಡಿಯುತ್ತಿದ್ದವರೊಬ್ಬರು ಅದೇ ವೈರಸ್‌ನಿಂದ ತೀರಿಕೊಂಡರು. ಅವರು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಬ್ರಿಟನ್ ನೆಲದಲ್ಲೇ ರೇಬೀಸ್ ತಗುಲಿ ಮನುಷ್ಯರೊಬ್ಬರು ಸತ್ತದ್ದು ಸುಮಾರು 100 ವರ್ಷಗಳಲ್ಲಿ ಅದೇ ಮೊದಲು. ಆಮೇಲೆ 2018ರಲ್ಲಿ ಇನ್ನೊಂದು ಜಾತಿಯ ಬಾವಲಿಯಲ್ಲಿ ಬೇರೆಯೇ ವೈರಸ್ ಸಿಕ್ಕಿತು. ಮೂವತ್ತು ವರ್ಷ, 15,000ಕ್ಕೂ ಹೆಚ್ಚು ಬಾವಲಿ. ಅಷ್ಟೂ ವರ್ಷ ಸತ್ತ ಬಾವಲಿ ಕಂಡವರು ಅದನ್ನು ಕಸಕ್ಕೆ ಹಾಕದೆ ಕಳಿಸಿದರು. ಆ ಕೆಲಸ ನಡೆದದ್ದೇ ಅದರಿಂದ.

ಅಂದರೆ ಈ ಕಾವಲಿನಲ್ಲಿ ಮೊದಲ ಕಾವಲುಗಾರ ಯಾರು? ಮರದ ಕೆಳಗೆ ಹೋಗುವವರು. ಕಬ್ಬಿಗೆ ನೀರು ಕಟ್ಟಲು ಬೆಳಗ್ಗೆ ಹೋಗುವ ರೈತ, ದೇವಸ್ಥಾನದ ಅಂಗಳ ಗುಡಿಸುವ ಅಮ್ಮ, ಶಾಲೆಗೆ ಹೋಗುವ ಹುಡುಗ. ಫ್ಲೋರಿಡಾದ ಆ ಅಪ್ಪನ ಹಾಗೆ.

ಈಗ ನನ್ನದೇ ಒಂದು ಅನುಭವ. ಪಾಂಡವಪುರದ ಕಡೆ ಒಂದು ಹಳ್ಳಿ. ಆಷಾಢ. ನಮ್ಮ ಕಡೆ ಆಷಾಢ ಅಂದರೆ ಗಾಳಿಪಟ ಅಲ್ವಾ. ಹುಣಸೆ ಮರದಲ್ಲಿ ಸಿಕ್ಕಿಕೊಂಡ ಮಾಂಜಾ ದಾರಕ್ಕೆ ಒಂದು ದೊಡ್ಡ ಬಾವಲಿ ರೆಕ್ಕೆ ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು. ಹತ್ತು ವರ್ಷದ ಹುಡುಗ ಮರ ಹತ್ತಿ, ಟವೆಲ್ ಸುತ್ತಿ ಬಿಡಿಸಿದ. ಒಳ್ಳೇ ಮನಸ್ಸಿನ ಹುಡುಗ. ಬಾವಲಿ ಹೆಬ್ಬೆರಳಿಗೆ ಕಚ್ಚಿತು. ಅಜ್ಜಿ ಅರಿಶಿನ ಹಚ್ಚಿದರು. ಮಾರನೇ ದಿನ ಬಾವಲಿ ಸತ್ತುಹೋಯಿತು, ತಿಪ್ಪೆಗೆ ಎಸೆದರು. ಅವತ್ತು ಸಂಜೆ ಹುಡುಗನ ಅಪ್ಪ ಫೋನ್ ಮಾಡಿದರು. "ಡಾಕ್ಟ್ರೇ, ಮಗೀಗೆ ಬಾವಲಿ ಕಚ್ಚೈತೆ. ನಾಯಿ ಸೂಜಿನೇ ಹಾಕಿಸ್ಬೇಕಾ, ಬ್ಯಾಡ್ವಾ?"

ಈಗಲೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆಯಿರಿ, ತಡವಾಗಿದ್ದರೂ ಪರವಾಗಿಲ್ಲ, ಆಮೇಲೆ ಆಸ್ಪತ್ರೆಗೆ ಹೊರಡಿ ಅಂದೆ. ಹೋದ ಕಡೆ ಯಾರೋ "ಬಾವಲಿಗೆಲ್ಲ ಸೂಜಿ ಇಲ್ಲ" ಅಂದುಬಿಟ್ಟರಂತೆ. ಅಪ್ಪ ಮತ್ತೆ ಫೋನ್ ಮಾಡಿ ಅವರ ಕೈಗೇ ಕೊಟ್ಟರು. ಬಾವಲಿ ಕಚ್ಚಿದ್ದನ್ನು ಮೂರನೇ ದರ್ಜೆಯ, ಅಂದರೆ ಎಲ್ಲಕ್ಕಿಂತ ಹೆಚ್ಚು ಅಪಾಯದ ಗಾಯ ಅಂತಲೇ ನೋಡಬೇಕು, ಲಸಿಕೆಯ ಜೊತೆ ಗಾಯಕ್ಕೆ ಸೀರಮ್ಮೂ, ಅಂದರೆ ಸಿದ್ಧ ಪ್ರತಿಕಾಯದ ಔಷಧಿಯೂ, ಬೇಕು ಅಂತ ವಿವರಿಸಿದೆ. ಕೊಟ್ಟರು. ನಮ್ಮಲ್ಲಿ ಸಿಗುವ ರೇಬೀಸ್ ಲಸಿಕೆ ನಾಯಿ ವೈರಸ್‌ಗೂ, ಅದರ ಹತ್ತಿರದ ದಾಯಾದಿಗಳಿಗೂ ಕೆಲಸ ಮಾಡುತ್ತದೆ. ಆಸ್ಟ್ರೇಲಿಯಾದ್ದು, ಗನ್ನೋರುವದ್ದು ಈ ಹತ್ತಿರದ ಗುಂಪಿನವೇ. ಲಾಗೋಸ್‌ನಂಥ ದೂರದ ಕವಲುಗಳ ಮೇಲೆ ಲಸಿಕೆಯ ಬಲ ಸಾಲದು. ಯಾವ ಬಾವಲಿಯಲ್ಲಿ ಯಾವ ವೈರಸ್ ಇದೆ ಅಂತ ತಿಳಿದಿರಬೇಕು ಅನ್ನುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಹುಡುಗನ ಕೆಲಸ ಆಯಿತು. ಇನ್ನು ಬಾವಲಿ. ಅಪ್ಪ ತಿಪ್ಪೆಯಿಂದ ಅದನ್ನು ಕೋಲಿನಲ್ಲಿ ಎತ್ತಿ ಚೀಲಕ್ಕೆ ಹಾಕಿ ತಂದರು. ಅಷ್ಟು ಹೊತ್ತಿಗೆ ನಾನು ಬೇರೆ ಊರಿನ ಕರೆಗೆ ಹೋಗಿದ್ದೆ. ನಮ್ಮವರೇ ಒಬ್ಬರು, ಕೆಡದಿರಲಿ ಅಂತ ಒಳ್ಳೇ ಉದ್ದೇಶದಿಂದ, ಅದರ ತಲೆಯನ್ನು ಫಾರ್ಮಲಿನ್‌ನಲ್ಲಿ ಹಾಕಿಟ್ಟರು. ಫಾರ್ಮಲಿನ್‌ನಲ್ಲಿ ನೆನೆದ ಮೆದುಳಿನಲ್ಲಿ ಆ ಹಸಿರು ಚುಕ್ಕಿಯ ಪರೀಕ್ಷೆಯನ್ನು ಮಾಮೂಲಿನಂತೆ ಮಾಡಲಾಗುವುದಿಲ್ಲ, ಜೀವಂತ ವೈರಸ್ ಬೆಳೆಸಿ ನೋಡಲಂತೂ ಆಗುವುದೇ ಇಲ್ಲ. ಬೇಕಿದ್ದದ್ದು ಐಸು, ಮೂರು ಪದರ ಪ್ಯಾಕಿಂಗು, ಬೇಗ ಹೊರಡುವ ಒಂದು ಗಾಡಿ. ಮೊದಲೇ ಹೇಳಿಕೊಟ್ಟಿರಲಿಲ್ಲ, ತಪ್ಪು ನನ್ನದೇ. ಆ ಬಾವಲಿ ಏನು ಹೇಳಬೇಕಿತ್ತೋ ಅದು ನಮಗೆ ಇವತ್ತಿಗೂ ತಿಳಿದಿಲ್ಲ. ಹುಡುಗ ಚೆನ್ನಾಗಿದ್ದಾನೆ. ಆದರೂ ಆ ಡಬ್ಬಿ ನನ್ನ ಕಣ್ಣ ಮುಂದೆ ಬರುತ್ತಲೇ ಇರುತ್ತದೆ.

ಇನ್ನೊಂದು ತೊಡಕಿದೆ, ಹೆದರಿಕೆ. 2018ರಲ್ಲಿ ಕೇರಳದಲ್ಲಿ ನಿಪಾ ಬಂದಾಗ ನಮ್ಮ ಕಡೆಯೂ ಬಾವಲಿ ಮರ ಕಡಿಯಿರಿ, ಪಟಾಕಿ ಹೊಡೆದು ಓಡಿಸಿ ಅನ್ನುವ ಮಾತು ಬಂತು. ನಿಪಾ ಬೇರೆ ಜಾತಿಯ ವೈರಸ್. ಅದು ಬಾವಲಿಯ ಮೂತ್ರ, ಜೊಲ್ಲು, ಕಚ್ಚಿದ ಹಣ್ಣಿನ ದಾರಿಯಲ್ಲಿ ಬರಬಹುದು. ಲೈಸಾವೈರಸ್ ಬರುವುದು ಕಚ್ಚಿದರೆ, ಪರಚಿದರೆ, ಅದರ ಜೊಲ್ಲು ಗಾಯಕ್ಕೋ ಕಣ್ಣಿಗೋ ಬಾಯಿಗೋ ತಾಗಿದರೆ. ಮರದ ಕೆಳಗೆ ನಡೆದು ಹೋದರೆ ಬರುವುದಿಲ್ಲ. ಮರ ಕಡಿದರೆ ಏನಾಗುತ್ತದೆ? ನೂರಾರು ಬಾವಲಿಗಳು ಊರೆಲ್ಲ ಚದುರುತ್ತವೆ. ಮರಿಗಳು ನೆಲಕ್ಕೆ ಬೀಳುತ್ತವೆ. ಮಕ್ಕಳು ಎತ್ತಿಕೊಳ್ಳುತ್ತಾರೆ. ಯಾವುದು ಆಗಬಾರದೋ ಅದನ್ನೇ ನಾವು ಮಾಡಿದ ಹಾಗಾಗುತ್ತದೆ. ಆಸ್ತಮಾಕ್ಕೆ ಒಳ್ಳೇದು ಅಂತ ಬಾವಲಿ ಹೊಡೆದು ಮಾಂಸ ಮಾಡುವವರಿಗಂತೂ ಕಳಕಳಿಯಿಂದ ಹೇಳುತ್ತೇನೆ, ಅದರಿಂದ ಆಸ್ತಮಾ ಹೋಗುವುದಿಲ್ಲ. ಗಾಯಗೊಂಡ ಬಾವಲಿಯನ್ನು ಕೈಯಲ್ಲಿ ಹಿಡಿಯುವುದೇ ದೊಡ್ಡ ಅಪಾಯ.

ನಮ್ಮ ಕಾನೂನೂ ಬಹಳ ಕಾಲ ಈ ಪ್ರಾಣಿಗೆ ನ್ಯಾಯ ಮಾಡಲಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣುಬಾವಲಿಯನ್ನು ಕಾಗೆ, ಇಲಿ, ಹೆಗ್ಗಣದ ಜೊತೆ ಉಪದ್ರವದ ಪಟ್ಟಿಗೆ ಸೇರಿಸಿದ್ದರು. ಆ ಪಟ್ಟಿ ಹೋಗಿದ್ದು 2022ರ ತಿದ್ದುಪಡಿಯಲ್ಲಿ. ಹಿಪ್ಪೆ ಮರದ ಹೂವಿಗೆ, ಬೂರುಗದ ಹೂವಿಗೆ ರಾತ್ರಿ ಬಂದು ಪರಾಗ ದಾಟಿಸುವುದು ಇವೇ. ಆಲ, ಅತ್ತಿಯ ಬೀಜಗಳನ್ನು ಮೈಲಿಗಟ್ಟಲೆ ದೂರ ಬಿತ್ತುವುದೂ ಇವೇ. ತಮಿಳುನಾಡಿನ ಕೆಲವು ಊರುಗಳಲ್ಲಿ ಮರದ ಬಾವಲಿಗಳು ಬೆಚ್ಚಬಾರದು ಅಂತ ದೀಪಾವಳಿಗೂ ಪಟಾಕಿ ಹೊಡೆಯುವುದಿಲ್ಲ. ಆ ಊರಿನವರಿಗೆ ನನ್ನ ನಮಸ್ಕಾರ.

ಹಾಗಾದರೆ ಬಿದ್ದ ಬಾವಲಿ ಕಂಡರೆ ಏನು ಮಾಡಬೇಕು? ಬರಿಗೈಯಲ್ಲಿ ಮುಟ್ಟಬೇಡಿ, ಸತ್ತಿದ್ದರೂ. ನಾಯಿ, ಬೆಕ್ಕು, ಮಕ್ಕಳನ್ನು ದೂರ ಇಡಿ. ಒಂದು ರಟ್ಟಿನ ಡಬ್ಬವನ್ನು ಅದರ ಮೇಲೆ ಮಗುಚಿ, ಮೇಲೊಂದು ಕಲ್ಲಿಡಿ. ಅರಣ್ಯ ಇಲಾಖೆಗೆ ಫೋನ್ ಮಾಡಿ. ವನ್ಯಜೀವಿಯನ್ನು, ಅದರ ಹೆಣವನ್ನೂ ಕೂಡ, ಅನುಮತಿ ಇಲ್ಲದೆ ನಾವು ಎತ್ತಿಕೊಂಡು ಹೋಗುವ ಹಾಗಿಲ್ಲ. ಎಲ್ಲಿ, ಯಾವಾಗ, ಹೇಗೆ ಬಿದ್ದಿತ್ತು ಅಂತ ಹೇಳಿ. ಕರೆಂಟು ತಂತಿಯ ಕೆಳಗಾ, ಮಾಂಜಾ ಇತ್ತಾ, ಬಿಸಿಲಿನ ದಿನವಾ, ಹಗಲಲ್ಲಿ ಕಾರಣವಿಲ್ಲದೆ ಕಚ್ಚಲು ಬರುತ್ತಿತ್ತಾ. ಬಿದ್ದ ಬಾವಲಿಗಳಲ್ಲಿ ಬಹಳಷ್ಟು ತಂತಿಗೋ ದಾರಕ್ಕೋ ಸಿಕ್ಕವೇ ಇರುತ್ತವೆ. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಬಾವಲಿಯ ಮೇಲೆ ಕೆಲಸ ಮಾಡುವವರಿದ್ದರೆ, ಮೊದಲು ಲಸಿಕೆ ಹಾಕಿಸಿಕೊಳ್ಳಿ, ಆಮೇಲೆ ಬಲೆ ಮುಟ್ಟಿ. ಸ್ಕಾಟ್ಲೆಂಡ್‌ನ ಆ ಒಳ್ಳೆಯ ಮನುಷ್ಯರನ್ನು ನೆನೆದು ಹೇಳುತ್ತಿದ್ದೇನೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೇಳಿದರು. "ನಮ್ಮನೆ ಹಿಂದೆ ಬಾವಲಿ ಮರ ಐತೆ. ಮೊಮ್ಮಕ್ಕಳು ಅಲ್ಲೇ ಆಡ್ತವೆ. ಕಡಿಸ್ಬೇಕಾ ಬ್ಯಾಡ್ವಾ, ಅದನ್ನ ಹೇಳಿ."

ಬೇಡಮ್ಮ ಅಂದೆ. ಬೆಳಗ್ಗೆ ಮಕ್ಕಳು ಏಳುವ ಮೊದಲು ಮರದ ಕೆಳಗೆ ಒಮ್ಮೆ ಕಣ್ಣಾಡಿಸಿ. ನೀರಿನ ತೊಟ್ಟಿಗೆ ಮುಚ್ಚಳ ಹಾಕಿ. ಕಚ್ಚಿ ಬಿದ್ದ ಹಣ್ಣು ತಿನ್ನಬಾರದು, ಬಿದ್ದ ಬಾವಲಿ ಮುಟ್ಟಬಾರದು, ಕಂಡರೆ ನಿಮ್ಮನ್ನು ಕೂಗಬೇಕು ಅಂತ ಮಕ್ಕಳಿಗೆ ಹೇಳಿಕೊಡಿ. ಮನೆ ನಾಯಿಗೆ ಲಸಿಕೆ ಆಗಿದೆಯಾ?

"ಆಗೈತೆ. ಹಂಗಾದ್ರೆ ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ ಅಟ್ಟದ ಮೇಲೈತೆ. ಇಳಿಸಿ ಇಟ್ಕೋತೀನಿ" ಅಂದರು.